ಮನೆಯಿಂದ ಎಷ್ಟು ನಡೆಯಬೇಕು? ದಿನಬಳಕೆಯ ಸೌಲಭ್ಯಗಳ ನಿಲುಕನ್ನು ಕ್ಯೂಜಿಐಎಸ್‌ನಲ್ಲಿ ಅಳೆಯುವ ಬಗೆ

ಹತ್ತಿರ ಎನ್ನುವುದಕ್ಕೆ ನಾವು ಕೂಗಳತೆಯ ದೂರ ಎನ್ನುತ್ತೇವೆ. ಆದರೆ ಕೂಗು ರೈಲು ಹಳಿಯನ್ನೂ ಕಾಲುವೆಯನ್ನೂ ಎತ್ತರದ ಆವರಣ ಗೋಡೆಯನ್ನೂ ದಾಟಿ ಹೋಗುತ್ತದೆ, ಕಾಲು ದಾಟಲಾರದು. ಹಳಿಯ ಆಚೆಗಿರುವ ಔಷಧದಂಗಡಿಯ ಫಲಕವನ್ನು ಮಹಡಿಯಲ್ಲಿ ನಿಂತು ಓದಲು ಸಾಧ್ಯವಿದ್ದರೂ, ಅಲ್ಲಿಗೆ ಹೋಗಲು ಸೇತುವೆಯವರೆಗೆ ನಡೆದು ಸುತ್ತಿ ಬರಬೇಕಾದರೆ, ಆ ಮನೆಯವರ ಪಾಲಿಗೆ ಅಂಗಡಿ ಹತ್ತಿರದಲ್ಲಿಲ್ಲ. ಒಂದು ವಸತಿ ಪ್ರದೇಶದ ಜನರಿಗೆ ದಿನಸಿ ಅಂಗಡಿ, ಪ್ರಾಥಮಿಕ ಶಾಲೆ, ಚಿಕಿತ್ಸಾಲಯ, ಔಷಧದಂಗಡಿ, ಉದ್ಯಾನ, ಬಸ್ ನಿಲ್ದಾಣ ಎಷ್ಟರಮಟ್ಟಿಗೆ ನಿಲುಕುತ್ತವೆ ಎಂದು ಅಳೆಯಲು ಹೊರಟವರು ಮಾಡುವ ಮೊದಲ ತಪ್ಪೆಂದರೆ ಕೂಗಳತೆಯನ್ನು ಅಳೆದು, ಅದನ್ನೇ ಕಾಲಳತೆ ಎಂದು ವರದಿಯಲ್ಲಿ ಬರೆಯುವುದು. ಮನೆಯ ಬಾಗಿಲಿನಿಂದ ಸೌಲಭ್ಯದ ಬಾಗಿಲಿನವರೆಗೆ, ನಿಜವಾಗಿ ನಡೆಯಬಹುದಾದ ದಾರಿಯಲ್ಲಿ, ನಡೆಯುವವರ ವೇಗದಲ್ಲಿ ಅಳೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕ್ಯೂಜಿಐಎಸ್ ಎಂಬ ನಕ್ಷೆ ವಿಶ್ಲೇಷಣೆಯ ತಂತ್ರಾಂಶವೂ ಬೇಕಾದ ದತ್ತಾಂಶವೂ ಉಚಿತವಾಗಿ ಸಿಗುತ್ತವೆ. ಖರ್ಚಾಗುವುದು ಸಮಯ ಮತ್ತು ಗಮನ.

ಈ ಅಳತೆಗೆ ಒಂದು ಹಿನ್ನೆಲೆ ಇದೆ. 1929ರಲ್ಲಿ ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರಿ, ಶಾಲೆ ಮೊದಲಾದವು ನಡೆಯುವ ದೂರದಲ್ಲೇ ಇರುವ ವಸತಿ ಪ್ರದೇಶ ಎಂಬ ನೆರೆಹೊರೆ ಘಟಕದ ಕಲ್ಪನೆಯನ್ನು ಮಂಡಿಸಿದಾಗ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ತ್ರಿಜ್ಯದ ವೃತ್ತವನ್ನು ಆಧಾರವಾಗಿ ಇಟ್ಟುಕೊಂಡರು. 1959ರಲ್ಲಿ ವಾಲ್ಟರ್ ಹ್ಯಾನ್ಸನ್, ಅವಕಾಶಗಳೊಡನೆ ಒಡನಾಡುವ ಸಾಧ್ಯತೆಯೇ ನಿಲುಕು ಎಂದು ವ್ಯಾಖ್ಯಾನಿಸಿ, ದೂರ ಹೆಚ್ಚಿದಂತೆ ಒಂದೊಂದು ಅವಕಾಶದ ತೂಕ ಕುಗ್ಗುವುದನ್ನು ಸೂತ್ರಕ್ಕೆ ಇಳಿಸಿದರು. 2016ರಲ್ಲಿ ಸಂಶೋಧಕ ಕಾರ್ಲೋಸ್ ಮೊರೆನೊ ಮುಂದಿಟ್ಟ, ದಿನಬಳಕೆಯ ಸೌಲಭ್ಯಗಳು ಮನೆಯಿಂದ ಹದಿನೈದು ನಿಮಿಷದೊಳಗೆ ಸಿಗಬೇಕೆನ್ನುವ ಹದಿನೈದು ನಿಮಿಷದ ನಗರ ಎಂಬ ಕಲ್ಪನೆಯಿಂದ ಈ ಲೆಕ್ಕ ನಗರ ಯೋಜಕರ ಕೋಣೆಯಿಂದ ಹೊರಬಂದು ಸಾಮಾನ್ಯ ನಾಗರಿಕರ ಮಾತಿಗೂ ಸೇರಿತು. ವೃತ್ತ ಎಳೆಯುವುದು ಸುಲಭವಾದ್ದರಿಂದ ಅದು ಇಂದಿಗೂ ಉಳಿದುಕೊಂಡಿದೆ. ಆದರೆ ಬೀದಿಗಳ ಜಾಲದ ಮೇಲೆ ದೂರವನ್ನು ಲೆಕ್ಕ ಹಾಕುವ ಕೆಲಸ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ನಿಮಿಷಗಳಲ್ಲಿ ಮುಗಿಯುವ ಈ ಕಾಲದಲ್ಲಿ ವೃತ್ತಕ್ಕೆ ಜೋತುಬೀಳಲು ಕಾರಣವಿಲ್ಲ.

ಮೊದಲು ತೀರ್ಮಾನಿಸಬೇಕಾದದ್ದು

ತಂತ್ರಾಂಶವನ್ನು ತೆರೆಯುವ ಮೊದಲು ಒಂದು ಹಾಳೆಯ ಮೇಲೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ: ಯಾವ ಸೌಲಭ್ಯ, ಎಲ್ಲಿಂದ, ಯಾರ ಕಾಲಿನಿಂದ, ಎಷ್ಟು ದೂರದವರೆಗೆ. ಇವುಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ, ಮತ್ತು ಹೆಚ್ಚಿನ ವರದಿಗಳು ಅದನ್ನು ಕೇಳುವುದೇ ಇಲ್ಲ. ಗಂಟೆಗೆ 4.8 ಕಿಲೋಮೀಟರ್ ವೇಗವನ್ನು ಹಿಡಿದರೆ ನಿಮಿಷಕ್ಕೆ 80 ಮೀಟರ್, ಹದಿನೈದು ನಿಮಿಷಕ್ಕೆ 1200 ಮೀಟರ್ ಆಗುತ್ತದೆ. ಸೆಕೆಂಡಿಗೆ 0.8 ಮೀಟರ್ ವೇಗದಲ್ಲಿ ನಡೆಯುವ ಹಿರಿಯರೊಬ್ಬರು ಅದೇ ಹದಿನೈದು ನಿಮಿಷದಲ್ಲಿ 720 ಮೀಟರ್ ಮಾತ್ರ ಸಾಗುತ್ತಾರೆ. ದೂರ ಐದರಲ್ಲಿ ಮೂರು ಪಾಲಾಯಿತು ಎಂದಷ್ಟೇ ಇದನ್ನು ನೋಡಬಾರದು. ಎಲ್ಲ ದಿಕ್ಕಿಗೂ ನಡೆದು ತಲುಪಬಹುದಾದ ಪ್ರದೇಶ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ, ಅವರಿಗೆ ನಿಲುಕುವ ಪ್ರದೇಶ ಮೊದಲಿನದರ ನೂರಕ್ಕೆ 36ರಷ್ಟು ಮಾತ್ರ. ಹಾಗಾಗಿ ಪ್ರತಿಯೊಂದು ಲೆಕ್ಕವನ್ನೂ ಕನಿಷ್ಠ ಎರಡು ವೇಗಗಳಲ್ಲಿ ಮಾಡಿ. ಗಾಲಿಕುರ್ಚಿಯಲ್ಲಿ ಅಥವಾ ಮಗುವಿನ ತಳ್ಳುಗಾಡಿಯೊಂದಿಗೆ ಹೋಗುವವರಿಗಾಗಿ ಮೆಟ್ಟಿಲುಗಳನ್ನು ಜಾಲದಿಂದ ತೆಗೆದು ಮೂರನೆಯ ಸಲ ಮಾಡಿದರೆ ಇನ್ನೂ ಒಳ್ಳೆಯದು.

ದೂರದ ಮಿತಿಗೆ ಬೇರೆಯವರು ಒಪ್ಪಿದ ಅಳತೆಗಳನ್ನು ಆಶ್ರಯಿಸಬಹುದು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಸೂಚಕಗಳಲ್ಲಿ ಬಸ್ ನಿಲ್ದಾಣಕ್ಕೆ 500 ಮೀಟರ್, ಮೆಟ್ರೊ ಅಥವಾ ರೈಲಿನಂತಹ ಹೆಚ್ಚು ಸಾಮರ್ಥ್ಯದ ಸಾರಿಗೆಗೆ 1 ಕಿಲೋಮೀಟರ್, ಸಾರ್ವಜನಿಕ ಬಯಲು ಜಾಗಕ್ಕೆ 400 ಮೀಟರ್ ಎಂಬ ಮಿತಿಗಳಿವೆ. ನೀವು ಯಾವ ಮಿತಿಯನ್ನೇ ಆರಿಸಿದರೂ ಅದರ ಆಚೀಚಿನ ಎರಡು ಮಿತಿಗಳಲ್ಲಿಯೂ ಲೆಕ್ಕವನ್ನು ಮರಳಿ ಮಾಡಿ ನೋಡಬೇಕು. 1000 ಮೀಟರಿಗೂ 1200 ಮೀಟರಿಗೂ ನಡುವೆ ಫಲಿತಾಂಶ ತಲೆಕೆಳಗಾಗುವುದಾದರೆ ಓದುಗರಿಗೆ ಅದು ತಿಳಿಯಬೇಕು.

ದತ್ತಾಂಶವನ್ನು ತರುವುದು

2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯೇ ನಮ್ಮ ಮುಖ್ಯ ಆಕರ. ಕ್ಯೂಜಿಐಎಸ್‌ನಲ್ಲಿ ಪ್ಲಗಿನ್ (ಹೆಚ್ಚುವರಿ ಉಪಕರಣ) ಪಟ್ಟಿಯಿಂದ ಕ್ವಿಕ್‌ಒಎಸ್‌ಎಂ ಅನ್ನು ಅನುಸ್ಥಾಪಿಸಿಕೊಂಡರೆ, ಬೇಕಾದ ಟ್ಯಾಗ್ (ವಸ್ತುವಿನ ಬಗೆಯನ್ನು ಹೇಳುವ ಕೀಲಿ ಮತ್ತು ಅದರ ಮೌಲ್ಯ) ಬರೆದು ಪರದೆಯಲ್ಲಿ ಕಾಣುವ ಪ್ರದೇಶದ ದತ್ತಾಂಶವನ್ನು ನೇರವಾಗಿ ಲೇಯರ್ ಆಗಿ, ಅಂದರೆ ನಕ್ಷೆಯ ಒಂದು ಪದರವಾಗಿ, ತರಬಹುದು. ಶಾಲೆ, ಔಷಧದಂಗಡಿ, ಚಿಕಿತ್ಸಾಲಯಗಳು ಅಮೆನಿಟಿ ಎಂಬ ಕೀಲಿಯ ಅಡಿಯಲ್ಲಿ, ಅಂಗಡಿಗಳು ಶಾಪ್ ಎಂಬ ಕೀಲಿಯ ಅಡಿಯಲ್ಲಿ, ಉದ್ಯಾನಗಳು ಲೀಷರ್ ಎಂಬ ಕೀಲಿಯ ಅಡಿಯಲ್ಲಿ, ರಸ್ತೆ ಮತ್ತು ಕಾಲುದಾರಿಗಳೆಲ್ಲ ಹೈವೇ ಎಂಬ ಕೀಲಿಯ ಅಡಿಯಲ್ಲಿ ಸಿಗುತ್ತವೆ. ಬಸ್ ನಿಲ್ದಾಣಗಳು ಕೂಡ ಹೈವೇ ಕೀಲಿಯ ಅಡಿಯಲ್ಲೇ ಇರುತ್ತವೆ ಎಂಬುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ವೈದ್ಯರ ಚಿಕಿತ್ಸಾಲಯವನ್ನು ಒಬ್ಬರು ಕ್ಲಿನಿಕ್ ಎಂದೂ ಇನ್ನೊಬ್ಬರು ಡಾಕ್ಟರ್ಸ್ ಎಂದೂ ಗುರುತಿಸಿರಬಹುದು. ಎರಡನ್ನೂ ತರಿಸಿ ಒಂದೇ ಲೇಯರಿಗೆ ಸೇರಿಸಿಕೊಳ್ಳಿ. ದೊಡ್ಡ ಪ್ರದೇಶವಾದರೆ ತುಣುಕು ತುಣುಕಾಗಿ ಕೇಳುವ ಬದಲು ಜಿಯೊಫ್ಯಾಬ್ರಿಕ್ ತಾಣದಿಂದ ಇಡೀ ಪ್ರಾಂತ್ಯದ ಕಡತವನ್ನು ಇಳಿಸಿಕೊಳ್ಳುವುದು ಒಳಿತು.

ಅಧ್ಯಯನದ ಗಡಿಗೆ ಸರಿಯಾಗಿ ದತ್ತಾಂಶವನ್ನು ಕತ್ತರಿಸಬಾರದು. ಗಡಿಯಂಚಿನ ಮನೆಯವರು ಗಡಿಯಾಚೆಯ ಅಂಗಡಿಗೆ ಹೋಗುತ್ತಾರೆ. ಆ ಅಂಗಡಿಯೂ ಅಲ್ಲಿಗೆ ಹೋಗುವ ಬೀದಿಯೂ ನಿಮ್ಮ ಲೇಯರಿನಲ್ಲಿ ಇಲ್ಲದಿದ್ದರೆ ಅಂಚಿನ ಮನೆಗಳೆಲ್ಲ ಸೌಲಭ್ಯವಂಚಿತವಾಗಿ ಕಾಣುತ್ತವೆ. ನಿಮ್ಮ ಮಿತಿ 1200 ಮೀಟರ್ ಆಗಿದ್ದರೆ ಗಡಿಯ ಸುತ್ತ ಕನಿಷ್ಠ 1500 ಮೀಟರ್ ಹೆಚ್ಚಿಗೆ ಸೇರಿಸಿ ದತ್ತಾಂಶ ತನ್ನಿ, ಲೆಕ್ಕ ಮುಗಿದ ಮೇಲೆ ಗಡಿಯೊಳಗಿನ ಮನೆಗಳನ್ನು ಮಾತ್ರ ಉಳಿಸಿಕೊಳ್ಳಿ.

ಸೌಲಭ್ಯಗಳ ಲೇಯರನ್ನು ಒಂದೊಂದಾಗಿ ಕಣ್ಣಾಡಿಸಿ ನೋಡುವುದಕ್ಕೆ ಬದಲಿ ದಾರಿಯಿಲ್ಲ. ಒಂದೇ ಶಾಲೆ ಬಿಂದುವಾಗಿ ಒಮ್ಮೆ, ಆವರಣದ ಬಹುಭುಜವಾಗಿ ಇನ್ನೊಮ್ಮೆ ಬಂದಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಎರಡು ಶಾಲೆಗಳೆಂದು ಎಣಿಕೆಯಾಗುತ್ತದೆ. ಮುಚ್ಚಿಹೋದ ಅಂಗಡಿಗಳು ನಕ್ಷೆಯಲ್ಲಿ ಉಳಿದಿರುತ್ತವೆ, ಹೊಸದಾಗಿ ತೆರೆದವು ಬಂದಿರುವುದಿಲ್ಲ. ಉದ್ಯಾನಗಳ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ದೊಡ್ಡ ಉದ್ಯಾನದ ನಡುಬಿಂದುವಿಗೆ ದೂರವನ್ನು ಅಳೆದರೆ ಪಕ್ಕದಲ್ಲೇ ವಾಸಿಸುವವರಿಗೂ ಅದು ದೂರವಾಗುತ್ತದೆ. ಅಂಚಿಗೆ ಅಳೆದರೆ, ಬೇಲಿಯ ಹಿಂದೆ ಮನೆಯಿದ್ದು ಬಾಗಿಲು ಇನ್ನೊಂದು ಬದಿಗೆ ಇರುವವರಿಗೂ ಅದು ಹತ್ತಿರವಾಗುತ್ತದೆ. ಎರಡೂ ತಪ್ಪು. ಉದ್ಯಾನದ ಪ್ರವೇಶದ್ವಾರಗಳನ್ನು ಬಿಂದುಗಳಾಗಿ ಗುರುತಿಸಿ, ಆ ಬಿಂದುಗಳಿಗೇ ದೂರವನ್ನು ಅಳೆಯಬೇಕು. ದ್ವಾರಗಳು ನಕ್ಷೆಯಲ್ಲಿ ಇಲ್ಲದಿದ್ದರೆ ನೀವೇ ಹೋಗಿ ನೋಡಿ ಸೇರಿಸಬೇಕಾಗುತ್ತದೆ, ಮತ್ತು ಆ ಅರ್ಧ ದಿನದ ಕೆಲಸದಿಂದ ಫಲಿತಾಂಶದ ಗುಣ ಹೆಚ್ಚುವಷ್ಟು ಬೇರಾವುದರಿಂದಲೂ ಹೆಚ್ಚುವುದಿಲ್ಲ.

ಹೊರಡುವ ಬಿಂದುವಾಗಿ ವಾರ್ಡಿನ ನಡುಬಿಂದುವನ್ನು ತೆಗೆದುಕೊಳ್ಳುವ ಪದ್ಧತಿಯನ್ನು ಬಿಡಿ. ಅಲ್ಲಿ ಯಾರೂ ವಾಸಿಸದೆ ಇರಬಹುದು. ಕಟ್ಟಡಗಳ ಲೇಯರ್ ಸಿಕ್ಕರೆ ಪಾಯಿಂಟ್ ಆನ್ ಸರ್ಫೇಸ್ ಎಂಬ ಉಪಕರಣದಿಂದ ಪ್ರತಿ ಕಟ್ಟಡಕ್ಕೂ ಒಂದು ಬಿಂದುವನ್ನು ಪಡೆಯಬಹುದು. ಆ ಬಿಂದುವಿನಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕೆ, ಜನಗಣತಿಯ ಒಂದು ಘಟಕದ ಜನಸಂಖ್ಯೆಯನ್ನು ಅದರೊಳಗಿನ ವಸತಿ ಕಟ್ಟಡಗಳಿಗೆ ಅವುಗಳ ತಳದ ವಿಸ್ತೀರ್ಣವನ್ನು ಅಂತಸ್ತುಗಳ ಸಂಖ್ಯೆಯಿಂದ ಗುಣಿಸಿದ ಪ್ರಮಾಣದಲ್ಲಿ ಹಂಚಬಹುದು. ಕಟ್ಟಡಗಳು ನಕ್ಷೆಯಲ್ಲಿ ಇಲ್ಲದ ಕಡೆ ವರ್ಲ್ಡ್‌ಪಾಪ್‌ನಂತಹ, ಸುಮಾರು 100 ಮೀಟರ್ ಚೌಕಗಳ ಜನಸಂಖ್ಯಾ ಜಾಲರಿಯನ್ನು ಬಳಸಿ, ಪ್ರತಿ ಚೌಕದ ನಡುಬಿಂದುವನ್ನು ಮನೆಗಳ ಗುಂಪೆಂದು ಭಾವಿಸಬಹುದು.

ಮೀಟರ್ ಮೀಟರಾಗಿಯೇ ಇರಲಿ

ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವು ಅಕ್ಷಾಂಶ ರೇಖಾಂಶಗಳ ಡಿಗ್ರಿಗಳಲ್ಲಿ, ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ಪದ್ಧತಿಯಲ್ಲಿ ಬರುತ್ತದೆ. ಡಿಗ್ರಿಯಲ್ಲಿರುವ ಲೇಯರಿಗೆ 1200 ಎಂಬ ಮಿತಿಯನ್ನು ಕೊಟ್ಟರೆ ಅದಕ್ಕೆ ಅರ್ಥವಿಲ್ಲ. ಹಿನ್ನೆಲೆ ನಕ್ಷೆಗಳು ಬಳಸುವ ಇಪಿಎಸ್‌ಜಿ 3857 ಮೀಟರುಗಳಲ್ಲಿ ಇರುವಂತೆ ಕಂಡರೂ ಅದೂ ಮೋಸವೇ: ಸಮಭಾಜಕದಿಂದ ದೂರ ಹೋದಂತೆ ಅದು ದೂರವನ್ನು ಹಿಗ್ಗಿಸುತ್ತದೆ, 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 1.41 ಪಟ್ಟು, 60 ಡಿಗ್ರಿಯಲ್ಲಿ ಎರಡು ಪಟ್ಟು. ಆದ್ದರಿಂದ ಎಲ್ಲ ಲೇಯರುಗಳನ್ನೂ ರೀಪ್ರೊಜೆಕ್ಟ್ ಲೇಯರ್ ಉಪಕರಣದಿಂದ ಯುಟಿಎಂ ಎಂಬ, ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಯಲ್ಲಿ ನಿಮ್ಮ ಪ್ರದೇಶದ ವಲಯಕ್ಕೆ ಬದಲಾಯಿಸಿಕೊಳ್ಳಿ. ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಹಂಚಿರುವ ಈ ಪದ್ಧತಿಯಲ್ಲಿ ಉತ್ತರ ಗೋಳಾರ್ಧದ ಇಪಿಎಸ್‌ಜಿ ಸಂಕೇತಗಳು 32601ರಿಂದ 32660ರವರೆಗೆ, ದಕ್ಷಿಣದವು 32701ರಿಂದ 32760ರವರೆಗೆ ಇವೆ.

ಬೀದಿಗಳ ಜಾಲವನ್ನು ಹದಗೊಳಿಸುವುದು

ಹೈವೇ ಕೀಲಿಯಡಿ ಬಂದದ್ದೆಲ್ಲವೂ ನಡೆಯುವ ದಾರಿಯಲ್ಲ. ಮೋಟರ್‌ವೇ ಮತ್ತು ಅದರ ಕೂಡುದಾರಿಗಳು, ನಿರ್ಮಾಣ ಹಂತದಲ್ಲಿರುವವು, ಕೇವಲ ಪ್ರಸ್ತಾಪದಲ್ಲಿರುವವು, ಕಾಲ್ನಡಿಗೆ ನಿಷಿದ್ಧವೆಂದು ಗುರುತಿಸಿದವು, ಖಾಸಗಿ ಪ್ರವೇಶ ಎಂದಿರುವವು ಹೊರಗುಳಿಯಬೇಕು. ಗೇಟು ಹಾಕಿರುವ ವಸತಿ ಸಮುಚ್ಚಯದ ಒಳರಸ್ತೆ ಅಲ್ಲಿನ ನಿವಾಸಿಗಳಿಗೆ ದಾರಿ, ಹೊರಗಿನವರಿಗೆ ಗೋಡೆ. ಇಂತಹ ಸಮುಚ್ಚಯಗಳು ಹೆಚ್ಚಿರುವ ಕಡೆ ಎರಡು ಜಾಲಗಳನ್ನೇ ಇಟ್ಟುಕೊಳ್ಳುವುದು ನ್ಯಾಯ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎರಡು ದಾರಿಗಳು ಕೂಡುತ್ತವೆ ಎಂದರೆ ಅವು ಒಂದೇ ಬಿಂದುವನ್ನು ಹಂಚಿಕೊಂಡಿವೆ ಎಂದು ಅರ್ಥ. ಮೇಲ್ಸೇತುವೆಯೂ ಅದರ ಕೆಳಗಿನ ರಸ್ತೆಯೂ ಪರದೆಯ ಮೇಲೆ ಒಂದನ್ನೊಂದು ಕತ್ತರಿಸಿದರೂ ಬಿಂದುವನ್ನು ಹಂಚಿಕೊಂಡಿರುವುದಿಲ್ಲ, ಹಾಗಾಗಿ ಲೆಕ್ಕದಲ್ಲಿ ಕೂಡುವುದಿಲ್ಲ. ಈ ಗುಣವನ್ನು ಕೆಡಿಸಬೇಡಿ. ಗೆರೆಗಳು ಕತ್ತರಿಸಿದಲ್ಲೆಲ್ಲ ತುಂಡರಿಸುವ ಉಪಕರಣಗಳನ್ನು ಓಡಿಸಿದರೆ ಸೇತುವೆಯ ಮೇಲಿನಿಂದ ಕೆಳಗಿನ ರಸ್ತೆಗೆ ಧುಮುಕುವ ದಾರಿಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಕಾಲುದಾರಿಯನ್ನು ಬಿಡಿಸಿದವರು ಅದನ್ನು ರಸ್ತೆಗೆ ತಾಗಿಸದೆ ಒಂದೆರಡು ಮೀಟರ್ ಮೊದಲೇ ನಿಲ್ಲಿಸಿರುತ್ತಾರೆ, ಆಗ ನಿಜವಾದ ದಾರಿ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಇದನ್ನು, ಎಷ್ಟು ಅಂತರದವರೆಗಿನ ತುದಿಗಳನ್ನು ಕೂಡಿದವೆಂದು ಎಣಿಸಬೇಕು ಎಂದು ಹೇಳುವ ಟಾಪಾಲಜಿ ಟಾಲರೆನ್ಸ್ ಎಂಬ ಆಯ್ಕೆಯನ್ನು ಹಿಗ್ಗಿಸಿ ಸರಿಪಡಿಸುವ ಬದಲು ಮೂಲ ನಕ್ಷೆಯಲ್ಲೇ ತಿದ್ದುವುದು ಸರಿ, ಏಕೆಂದರೆ ಹಿಗ್ಗಿಸಿದ ಟಾಲರೆನ್ಸ್ ಕೂಡಬಾರದ ದಾರಿಗಳನ್ನೂ ಕೂಡಿಸಿಬಿಡಬಹುದು.

ಏರಿಳಿತವಿರುವ ಪ್ರದೇಶದಲ್ಲಿ ಒಂದೇ ವೇಗ ಸಾಲದು. 1993ರಲ್ಲಿ ಭೂಗೋಳಶಾಸ್ತ್ರಜ್ಞ ವಾಲ್ಡೊ ಟೋಬ್ಲರ್ ಕೊಟ್ಟ ಸೂತ್ರದ ಪ್ರಕಾರ ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುವವರು ನೂರಕ್ಕೆ 10ರ ಏರಿನಲ್ಲಿ ಸುಮಾರು 3.5 ಕಿಲೋಮೀಟರಿಗೆ ಇಳಿಯುತ್ತಾರೆ. ಎತ್ತರದ ದತ್ತಾಂಶದಿಂದ ಪ್ರತಿ ಬೀದಿತುಂಡಿನ ಇಳಿಜಾರನ್ನು ಲೆಕ್ಕ ಹಾಕಿ ವೇಗದ ಕಾಲಂ ಸೇರಿಸಿದರೆ ಸಾಕು. ಏರುವ ವೇಗವೂ ಇಳಿಯುವ ವೇಗವೂ ಬೇರೆಯಾದ್ದರಿಂದ, ತರಕಾರಿಯ ಚೀಲ ಹಿಡಿದು ಮರಳುವ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಸಲಹೆ ಕೊಡುತ್ತೇನೆ.

ಲೆಕ್ಕವನ್ನು ಓಡಿಸುವುದು

ಪ್ರೊಸೆಸಿಂಗ್ ಟೂಲ್‌ಬಾಕ್ಸಿನ ನೆಟ್‌ವರ್ಕ್ ಅನಾಲಿಸಿಸ್ ವಿಭಾಗದಲ್ಲಿ ಸರ್ವಿಸ್ ಏರಿಯಾ ಫ್ರಮ್ ಲೇಯರ್ ಎಂಬ ಉಪಕರಣವಿದೆ. ಬೀದಿಗಳ ಲೇಯರನ್ನೂ ಸೌಲಭ್ಯಗಳ ಲೇಯರನ್ನೂ ಕೊಟ್ಟು, ಶಾರ್ಟೆಸ್ಟ್ ಎಂಬುದನ್ನು ಆರಿಸಿ, ಟ್ರಾವೆಲ್ ಕಾಸ್ಟ್ ಜಾಗದಲ್ಲಿ 1200 ಎಂದು ಬರೆದರೆ, ಪ್ರತಿ ಸೌಲಭ್ಯದಿಂದ 1200 ಮೀಟರಿನೊಳಗೆ ತಲುಪಬಹುದಾದ ಬೀದಿಗಳು ಹೊಸ ಲೇಯರಾಗಿ ಬರುತ್ತವೆ. ಶಾರ್ಟೆಸ್ಟ್ ಬದಲು ಫಾಸ್ಟೆಸ್ಟ್ ಆರಿಸಿದರೆ ಅದೇ ಜಾಗ ಗಂಟೆಗಳ ಲೆಕ್ಕಕ್ಕೆ ಬದಲಾಗುತ್ತದೆ, ಹದಿನೈದು ನಿಮಿಷಕ್ಕೆ 0.25 ಎಂದು ಬರೆಯಬೇಕು. ಜೊತೆಗೆ ಪೂರ್ವನಿಯೋಜಿತ ವೇಗ ಗಂಟೆಗೆ 50 ಕಿಲೋಮೀಟರ್ ಎಂದಿರುವುದನ್ನು ತಪ್ಪದೆ 4.8ಕ್ಕೆ ಇಳಿಸಬೇಕು. ಇದನ್ನು ಮರೆತವರ ನಕ್ಷೆಯಲ್ಲಿ ಇಡೀ ಊರು ನಡೆದು ತಲುಪುವಷ್ಟು ಹತ್ತಿರವಾಗಿಬಿಡುತ್ತದೆ.

ಹೀಗೆ ಬಂದ ಬೀದಿಗಳನ್ನು, ಹೊರತುದಿಗಳನ್ನು ರಬ್ಬರ್ ಪಟ್ಟಿಯಂತೆ ಬಿಗಿದು ಸುತ್ತುವ ಕಾನ್ವೆಕ್ಸ್ ಹಲ್‌ನಿಂದ ಸುತ್ತುಗಟ್ಟಿ ಪ್ರದೇಶವೆಂದು ತೋರಿಸಬೇಡಿ, ಏಕೆಂದರೆ ಹಳಿಯಾಚೆಯ ನಿಲುಕದ ಮನೆಗಳು ಅದರೊಳಗೆ ಮತ್ತೆ ಸೇರಿಕೊಳ್ಳುತ್ತವೆ. ಮೊದಲು ಬಿಟ್ಟು ಬಂದ ವೃತ್ತಕ್ಕೇ ಮರಳಿದಂತಾಗುತ್ತದೆ. ಬೀದಿಗಳ ಸುತ್ತ 25 ಮೀಟರಿನಷ್ಟು ಸಣ್ಣ ಬಫರ್ (ಸುತ್ತಲಿನ ಪಟ್ಟಿ) ಹಾಕಿ ಅದರೊಳಗಿನ ಮನೆಗಳನ್ನು ಎಣಿಸುವುದು ವಾಸಿ.

ಇದಕ್ಕಿಂತ ನಿಖರವಾದದ್ದು ಪ್ರತಿ ಮನೆಗೂ ಪ್ರತಿ ಸೌಲಭ್ಯಕ್ಕೂ ನಡುವಿನ ದೂರದ ಕೋಷ್ಟಕ. ಕ್ಯೂನೀಟ್3 ಎಂಬ ಪ್ಲಗಿನ್ ಇದನ್ನು ಓಡಿ (ಹೊರಡುವ ಬಿಂದು, ತಲುಪುವ ಬಿಂದು) ಮ್ಯಾಟ್ರಿಕ್ಸ್ ಎಂಬ ಹೆಸರಿನಲ್ಲಿ ಕೊಡುತ್ತದೆ. 5000 ಮನೆಗಳೂ 40 ಸೌಲಭ್ಯಗಳೂ ಇದ್ದರೆ ಕೋಷ್ಟಕದಲ್ಲಿ 2,00,000 ಸಾಲುಗಳಾಗುತ್ತವೆ. ಅದರ ಮೇಲೆ ಸ್ಟ್ಯಾಟಿಸ್ಟಿಕ್ಸ್ ಬೈ ಕ್ಯಾಟಗರೀಸ್ ಉಪಕರಣವನ್ನು ಓಡಿಸಿ ಪ್ರತಿ ಮನೆಯ ಕನಿಷ್ಠ ದೂರವನ್ನು ಪಡೆದು, ಮನೆಗಳ ಲೇಯರಿಗೆ ಜೋಡಿಸಿದರೆ ಆಯಿತು. ಯಾವ ದಾರಿಯಲ್ಲೂ ತಲುಪಲಾಗದ ಮನೆಗಳಿಗೆ ದೂರದ ಜಾಗ ಖಾಲಿಯಾಗಿರುತ್ತದೆ. ಸರಾಸರಿ ತೆಗೆಯುವಾಗ ಅವು ಸದ್ದಿಲ್ಲದೆ ಬಿಟ್ಟುಹೋಗುವುದರಿಂದ, ಎಲ್ಲರಿಗಿಂತ ವಂಚಿತರಾದವರೇ ಲೆಕ್ಕದಿಂದಲೂ ಹೊರಬೀಳುತ್ತಾರೆ. ಆ ಮನೆಗಳನ್ನು ಬೇರೆಯಾಗಿ ಎಣಿಸಿ, ಕಾರಣ ನಕ್ಷೆಯ ದೋಷವೋ ನಿಜವಾದ ಅಡ್ಡಿಯೋ ಎಂದು ಒಂದೊಂದನ್ನೂ ಪರೀಕ್ಷಿಸಿ. ಹತ್ತಿರದ ಸೌಲಭ್ಯವನ್ನು ಹುಡುಕಲು ಡಿಸ್ಟೆನ್ಸ್ ಟು ನಿಯರೆಸ್ಟ್ ಹಬ್ ಎಂಬ ಉಪಕರಣವೂ ಇದೆ, ಆದರೆ ಅದು ನೇರ ಗೆರೆಯನ್ನು ಅಳೆಯುತ್ತದೆ ಎಂಬುದು ನೆನಪಿರಲಿ.

ಬಸ್ಸನ್ನೂ ಸೇರಿಸಿ ಅಳೆಯಬೇಕೆಂದರೆ ಜಿಟಿಎಫ್‌ಎಸ್ ರೂಪದ (ಸಾರಿಗೆ ವೇಳಾಪಟ್ಟಿಗಳನ್ನು ಹಂಚಿಕೊಳ್ಳುವ ಕಡತದ ಮಾದರಿ) ವೇಳಾಪಟ್ಟಿ ಮತ್ತು ಪೈಥಾನ್‌ನ ಆರ್5ಪೈ ತರಹದ ಲೈಬ್ರರಿ ಬೇಕಾಗುತ್ತದೆ. ಬಸ್ಸು ಹೊರಟ ಮರುನಿಮಿಷ ನಿಲ್ದಾಣಕ್ಕೆ ಬಂದವರ ಪ್ರಯಾಣ ಬಹಳ ಉದ್ದವಾಗುವುದರಿಂದ, ಒಂದೇ ಗಳಿಗೆಗೆ ಬದಲು ಎರಡು ಗಂಟೆಯ ಅವಧಿಯ ಪ್ರತಿ ನಿಮಿಷಕ್ಕೂ ಲೆಕ್ಕ ಹಾಕಿ ಮಧ್ಯಂಕವನ್ನು ತೆಗೆದುಕೊಳ್ಳಬೇಕು.

ಯಾವ ಸಂಖ್ಯೆಯನ್ನು ಹೇಳಬೇಕು

ಹತ್ತಿರದ ಸೌಲಭ್ಯದ ದೂರ ಎಲ್ಲರಿಗೂ ಅರ್ಥವಾಗುವ ಸಂಖ್ಯೆ. ಆದರೆ ದಿನಸಿ ಅಂಗಡಿಯಂತಹ ವಿಷಯದಲ್ಲಿ ಒಂದೇ ಅಂಗಡಿ ಹತ್ತಿರವಿರುವುದಕ್ಕೂ ಐದು ಇರುವುದಕ್ಕೂ ವ್ಯತ್ಯಾಸವಿದೆ, ಅದಕ್ಕೆ ಮಿತಿಯೊಳಗಿನ ಅಂಗಡಿಗಳ ಎಣಿಕೆ ಬೇಕು. ಎಣಿಕೆಯಲ್ಲಿ 1199 ಮೀಟರಿನದು ಪೂರ್ತಿ ಸೇರಿ 1201 ಮೀಟರಿನದು ಪೂರ್ತಿ ಬಿಟ್ಟುಹೋಗುವುದು ಸರಿಯೆನಿಸದಿದ್ದರೆ ಹ್ಯಾನ್ಸನ್ ದಾರಿಯಲ್ಲಿ ತೂಕವನ್ನು ಕ್ರಮವಾಗಿ ಇಳಿಸಬಹುದು. 800 ಮೀಟರಿನಲ್ಲಿ ತೂಕ ಅರ್ಧವಾಗುವಂತೆ ಇಟ್ಟರೆ 400 ಮೀಟರಿನಲ್ಲಿ ಅದು ಸುಮಾರು 0.71, 1600 ಮೀಟರಿನಲ್ಲಿ 0.25 ಆಗುತ್ತದೆ, ಎಲ್ಲ ಅಂಗಡಿಗಳ ತೂಕವನ್ನು ಕೂಡಿದರೆ ಆ ಮನೆಯ ನಿಲುಕು ಸಿಗುತ್ತದೆ.

ಚಿಕಿತ್ಸಾಲಯಕ್ಕೆ ಇಷ್ಟು ಸಾಲದು, ಏಕೆಂದರೆ ಅಲ್ಲಿ ಸರದಿಯೂ ಇದೆ. 3 ವೈದ್ಯರಿರುವ ಚಿಕಿತ್ಸಾಲಯವೊಂದಕ್ಕೆ ನಡೆದು ಬರಬಲ್ಲವರು 6000 ಜನರಾದರೆ ಸಾವಿರಕ್ಕೆ 0.5 ವೈದ್ಯರು, 2 ವೈದ್ಯರಿರುವ ಇನ್ನೊಂದಕ್ಕೆ 10,000 ಜನರಾದರೆ ಸಾವಿರಕ್ಕೆ 0.2. ಎರಡೂ ನಿಲುಕುವ ಮನೆಗೆ 0.7, ಎರಡನೆಯದು ಮಾತ್ರ ನಿಲುಕುವ ಮನೆಗೆ 0.2. ಮೊದಲು ಸೌಲಭ್ಯದ ಕಡೆಯಿಂದ, ಆಮೇಲೆ ಮನೆಯ ಕಡೆಯಿಂದ ಎಂದು ಎರಡು ಹೆಜ್ಜೆಗಳಲ್ಲಿ ಸಾಗುವ ಈ ಕ್ರಮವನ್ನು 2003ರಲ್ಲಿ ವೈ ಲುವೊ ಮತ್ತು ಫಾಹುಯಿ ವಾಂಗ್ ಪ್ರಕಟಿಸಿದ ವಿಧಾನದ ನಂತರ ಆರೋಗ್ಯ ಸೇವೆಗಳ ಅಧ್ಯಯನದಲ್ಲಿ ವ್ಯಾಪಕವಾಗಿ ಬಳಸುತ್ತಾರೆ.

ಎಲ್ಲ ಸೌಲಭ್ಯಗಳನ್ನೂ ಬೆರೆಸಿ ನೂರಕ್ಕೆ ಇಷ್ಟು ಎಂಬ ಒಂದೇ ಅಂಕ ಕೊಡುವ ಆಸೆಯನ್ನು ಸಾಧ್ಯವಾದಷ್ಟು ತಡೆದುಕೊಳ್ಳಿ. ಮೂರು ಉದ್ಯಾನಗಳು ಹತ್ತಿರವಿದ್ದ ಮಾತ್ರಕ್ಕೆ ಔಷಧದಂಗಡಿ ಇಲ್ಲದ ಕೊರತೆ ನೀಗುವುದಿಲ್ಲ, ಆದರೆ ಸರಾಸರಿ ನೀಗಿದೆ ಎಂದೇ ಹೇಳುತ್ತದೆ. ಒಟ್ಟು ಚಿತ್ರ ಬೇಕೇ ಬೇಕೆಂದರೆ ಆರು ಬಗೆಯ ಸೌಲಭ್ಯಗಳಲ್ಲಿ ಎಷ್ಟು ಬಗೆಗಳು ಮಿತಿಯೊಳಗಿವೆ ಎಂದು ಎಣಿಸಿ. ಸಾರಾಂಶವನ್ನು ಜನಸಂಖ್ಯೆಯ ಲೆಕ್ಕದಲ್ಲಿ ಕೊಡಿ, ವಿಸ್ತೀರ್ಣದ ಲೆಕ್ಕದಲ್ಲಿ ಅಲ್ಲ. ಮಧ್ಯಂಕದ ಜೊತೆಗೆ, ಅತಿ ದೂರದ ನೂರಕ್ಕೆ 10 ಮಂದಿ ಎಷ್ಟು ನಡೆಯಬೇಕು ಎಂಬುದನ್ನೂ ಬರೆಯಿರಿ.

ಬೀದಿಗೆ ಇಳಿದು ನೋಡುವುದು

ಪ್ರತಿ ಮನೆಗೂ ಬೀದಿಯ ದೂರವನ್ನು ನೇರ ದೂರದಿಂದ ಭಾಗಿಸಿ ಒಂದು ಕಾಲಂ ಮಾಡಿಕೊಳ್ಳಿ. ಅಚ್ಚುಕಟ್ಟಾದ ಚೌಕುಳಿ ಬೀದಿಗಳಲ್ಲಿ ಈ ಅನುಪಾತ ಹೆಚ್ಚೆಂದರೆ 1.41, ಎಲ್ಲ ದಿಕ್ಕುಗಳ ಸರಾಸರಿ 1.27. ಒಂದಕ್ಕಿಂತ ಕಡಿಮೆ ಬಂದರೆ ಲೆಕ್ಕದಲ್ಲಿ ತಪ್ಪಿದೆ, ಬಹುಶಃ ನಿರ್ದೇಶಾಂಕ ಪದ್ಧತಿಯಲ್ಲಿ. ಮೂರು, ನಾಲ್ಕು ಬಂದ ಕಡೆ ಹಳಿಯೋ ಗೋಡೆಯೋ ನಿಜವಾಗಿ ಅಡ್ಡ ಬಂದಿದೆ, ಇಲ್ಲವೇ ಒಂದು ಕಾಲುದಾರಿ ನಕ್ಷೆಯಲ್ಲಿ ಬಿಟ್ಟುಹೋಗಿದೆ. ಯಾವುದು ಎಂದು ಪರದೆಯ ಮುಂದೆ ಕುಳಿತು ತಿಳಿಯದು. ಅನುಪಾತ ಅತಿ ಹೆಚ್ಚಿರುವ ಹತ್ತು ಜಾಗಗಳನ್ನೂ, ಗೊತ್ತುಗುರಿಯಿಲ್ಲದೆ ಆರಿಸಿದ ಇಪ್ಪತ್ತು ಮನೆ ಮತ್ತು ಸೌಲಭ್ಯಗಳ ಜೋಡಿಗಳನ್ನೂ ನಡೆದು ನೋಡಿ, ಮೊಬೈಲಿನಲ್ಲಿ ಸಮಯವನ್ನು ಗುರುತಿಸಿಕೊಳ್ಳಿ. ದೊಡ್ಡ ರಸ್ತೆಯನ್ನು ದಾಟಲು ಸಿಗ್ನಲಿನಲ್ಲಿ ಕಾದ ನಿಮಿಷಗಳು ಯಾವ ಜಾಲದಲ್ಲೂ ಇರುವುದಿಲ್ಲ. ಅವು ಹೆಚ್ಚಾಗಿದ್ದರೆ ಅಂತಹ ದಾಟುವೆಡೆಗಳಿಗೆ ಹೆಚ್ಚುವರಿ ಸಮಯ ಸೇರಿಸಿ ಲೆಕ್ಕವನ್ನು ಮತ್ತೆ ಓಡಿಸಿ.

ನಡೆಯುವಾಗ ಕಂಡ ಕಾಲುದಾರಿ, ಗೇಟು, ಮೆಟ್ಟಿಲು, ಮುಚ್ಚಿದ ಅಂಗಡಿಗಳನ್ನು ನಿಮ್ಮ ಕಡತದಲ್ಲಿ ಮಾತ್ರ ತಿದ್ದಿ ಸುಮ್ಮನಾಗಬೇಡಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿಯೇ ಸೇರಿಸಿ. ದತ್ತಾಂಶವನ್ನು ಇಳಿಸಿಕೊಂಡ ದಿನಾಂಕ, ಬಳಸಿದ ವೇಗಗಳು, ಮಿತಿ ಮತ್ತು ಹೊರಗಿಟ್ಟ ರಸ್ತೆಗಳ ಬಗೆಯನ್ನು ನಕ್ಷೆಯ ಕೆಳಗೇ ಬರೆದಿಟ್ಟರೆ, ಮುಂದಿನ ವರ್ಷ ಇನ್ನೊಬ್ಬರು ಹೊಸ ದತ್ತಾಂಶದ ಮೇಲೆ ಅದೇ ಲೆಕ್ಕವನ್ನು ಓಡಿಸಿ, ಯಾವ ಮನೆಗಳ ದಾರಿ ಚಿಕ್ಕದಾಯಿತು ಎಂದು ಹೋಲಿಸಿ ನೋಡಬಹುದು.